ಆ ಸಂಜೆ ಹೆಲ್ಮೆಟ್ ಎಲ್ಲಿತ್ತು? ಗಂಗಾವತಿ ಕಡೆಯ ಒಂದು ಪ್ರಕರಣ

ನನ್ನ ಚಿಕ್ಕಪ್ಪನ ಮಗ ಬೈಕಿನಿಂದ ಬಿದ್ದ ಸಂಜೆ ಅವನ ಮನೆಯಲ್ಲಿ ಎರಡು ಹೆಲ್ಮೆಟ್ ಇದ್ದವು. ಒಂದು ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು. ಇನ್ನೊಂದು ಅಟ್ಟದ ಮೇಲೆ, ಬಂದ ಡಬ್ಬಿಯಲ್ಲೇ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇತ್ತು. ಎರಡಕ್ಕೂ ಐಎಸ್‌ಐ ಗುರುತು ಇತ್ತು. ಹಾಗಾಗಿ ದುಡ್ಡಿಲ್ಲದೆ ಹಾಕಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಅವನು ಬಿ.ಕಾಂ. ಓದಿದವನು. ವಯಸ್ಸು ಮೂವತ್ನಾಲ್ಕು. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಕುಡಿಯುವವನಲ್ಲ, ಜೋರಾಗಿ ಓಡಿಸುವವನೂ ಅಲ್ಲ.

ನಾನು ಹೈಸ್ಕೂಲ್ ಟೀಚರ್. ರಸ್ತೆ ಸುರಕ್ಷತಾ ಸಪ್ತಾಹ ಬಂದಾಗ ಮಕ್ಕಳ ಮುಂದೆ ನಿಂತು ಹೆಲ್ಮೆಟ್ ಬಗ್ಗೆ ಮಾತಾಡಿದವಳು. ಇದೇ ತಮ್ಮನ ಬೈಕಿನ ಹಿಂದೆ ಬರಿತಲೆಯಲ್ಲಿ ಕೂತು ಎಷ್ಟೋ ಸಲ ಬಸ್ ಸ್ಟ್ಯಾಂಡಿಗೆ ಬಂದವಳೂ ಹೌದು. ಒಂದು ದಿನವೂ ಕೇಳಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಕೂತು ಬರೆಯುತ್ತಿದ್ದೇನೆ. ಅವನೂ ಅವನ ಹೆಂಡತಿಯೂ ಬರೆಯಲು ಒಪ್ಪಿದ್ದಾರೆ. ಹೆಸರು, ಊರು ಮಾತ್ರ ಬಿಟ್ಟಿದ್ದೇನೆ.

ನಡೆದದ್ದು

ನವೆಂಬರ್ ಕೊನೆಯ ವಾರ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಮುಂಗಾರು ಭತ್ತ ಕೊಯ್ಲಿಗೆ ಬಂದಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಓಡಾಡಿದವರಿಗೆ ಗೊತ್ತಿರುತ್ತದೆ, ರಸ್ತೆ ಅರ್ಧ ಗಾಡಿಗೆ, ಅರ್ಧ ಭತ್ತಕ್ಕೆ. ಈಗ ಕೈಯಿಂದ ಕೊಯ್ಯುವವರು ಕಡಿಮೆ. ಕಟಾವು ಯಂತ್ರ ಒಂದೇ ದಿನಕ್ಕೆ ಗದ್ದೆ ಖಾಲಿ ಮಾಡುತ್ತದೆ, ಆದರೆ ಕಾಳು ಹಸಿಯಾಗಿ ಬರುತ್ತದೆ. ಕಣ ಮಾಡಲು ಜಾಗ ಉಳಿದಿಲ್ಲ. ಒಣಗಿಸದೆ ಮಿಲ್ಲಿಗೆ ಒಯ್ದರೆ ತೇವ ಜಾಸ್ತಿ ಅಂತ ದರ ಮುರಿಯುತ್ತಾರೆ. ಸರ್ಕಾರದ ಖರೀದಿ ಕೇಂದ್ರದಲ್ಲೂ ತೇವಾಂಶ ಶೇಕಡಾ 17 ದಾಟುವಂತಿಲ್ಲ. ರೈತ ಎಲ್ಲಿಗೆ ಹೋಗಬೇಕು? ಡಾಂಬರು ರಸ್ತೆ ಮೇಲೆ ಹರವುತ್ತಾನೆ. ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಇಡುತ್ತಾನೆ. ಸಂಜೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಾನೆ. ಕಲ್ಲುಗಳು ಅಲ್ಲೇ ಇರುತ್ತವೆ.

ತಮ್ಮನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಮಿಲ್ಲಿನಲ್ಲಿ ಮಷೀನ್ ಹಿಡಿದು ಭತ್ತದ ತೇವ ನೋಡುವವರಲ್ಲಿ ಅವನೂ ಒಬ್ಬ.

ಆ ಸಂಜೆ ಕೆಲಸ ಮುಗಿಸಿ ಮನೆಗೆ ಬಂದ. ಚಹಾ ಕುಡಿದ. ಅವರಮ್ಮನ ಬಿ.ಪಿ. ಗುಳಿಗೆ ಮುಗಿದಿತ್ತು. ಔಷಧಿ ಅಂಗಡಿ ಇರುವುದು ಪಕ್ಕದ ಕ್ಯಾಂಪಿನಲ್ಲಿ (ವಲಸೆ ಬಂದ ರೈತರು ನೆಲೆಸಿದ ಊರಿಗೆ ನಮ್ಮ ಕಡೆ ಹಾಗನ್ನುತ್ತಾರೆ), ಒಂದೂವರೆ ಕಿಲೋಮೀಟರ್. ಏಳು ಗಂಟೆ ಆಗಿತ್ತು. "ಕತ್ಲಾಗೈತಿ, ಹುಷಾರಿ ಹೋಗಪ್ಪ" ಅಂದರು ಚಿಕ್ಕಮ್ಮ. "ಇಲ್ಲೇ ಐತೆವ್ವ, ಹಿಂಗ್ ಹೋಗಿ ಹಂಗ್ ಬರ್ತೀನಿ" ಅಂದ. ಹೆಲ್ಮೆಟ್ ಇದ್ದ ಬಾಗಿಲನ್ನು ದಾಟಿಯೇ ಹೊರಗೆ ಹೋದ. ಅವನ ಭುಜ ತಾಗಿ ಅದು ಅಲ್ಲಾಡಿತು ಅಂತ ಹೆಂಡತಿಗೆ ಇಂದಿಗೂ ನೆನಪಿದೆ.

ಗುಳಿಗೆ ತಗೊಂಡು ವಾಪಸ್ ಬರುವಾಗ ಉಪಕಾಲುವೆ ಪಕ್ಕ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಅದರ ಲೈಟು ಕಣ್ಣಿಗೆ ಹೊಡೆಯಿತು. ಪಕ್ಕಕ್ಕೆ ಸರಿದ. ಮುಂದಿನ ಗಾಲಿ ಕಲ್ಲಿಗೆ ತಗುಲಿತು. ಮೂವತ್ತು ಮೂವತ್ತೈದರ ಸ್ಪೀಡಿತ್ತು ಅಷ್ಟೆ. ಎಡಗಡೆಗೆ ಬಿದ್ದ. ಕಿವಿಯ ಮೇಲಿನ ಭಾಗ ರಸ್ತೆಗೆ ಬಡಿಯಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ಒಂದಾದರೂ ಜೀವ ಉಳಿಯಬಹುದು.

ಬಿದ್ದವನು ತಾನೇ ಎದ್ದ. ಭತ್ತ ಕಾಯಲು ಮಲಗಿದ್ದ ರೈತ ಓಡಿ ಬಂದರು. "ಏನೂ ಆಗಿಲ್ಲ ಬಿಡ್ರಿ" ಅಂದ. ಅಂಗಿಯ ಧೂಳು ಜಾಡಿಸಿದ, ನೀರು ಕುಡಿದ, ಬಿದ್ದಿದ್ದ ಗುಳಿಗೆ ಚೀಟಿಯನ್ನು ಹುಡುಕಿ ಜೇಬಿಗೆ ಹಾಕಿಕೊಂಡ. ಕಿವಿ ಮೇಲೆ ಒಂದು ಇಂಚಿನ ಗಾಯ, ರಕ್ತವೂ ಜಾಸ್ತಿ ಇರಲಿಲ್ಲ. ಇಬ್ಬರು ಅವನನ್ನು ನಡುವೆ ಕೂರಿಸಿಕೊಂಡು ಇನ್ನೊಂದು ಬೈಕಿನಲ್ಲಿ ಮನೆಗೆ ತಂದರು. ಮನೆಯಲ್ಲಿ ಎಲ್ಲರಿಗೂ ಸಮಾಧಾನ ಆಯಿತು, ಅರಿಶಿನ ಹಚ್ಚಿದರು. ಸುಮಾರು ಮುಕ್ಕಾಲು ಗಂಟೆ ಮಾತಾಡಿಕೊಂಡೇ ಇದ್ದ. ಆಮೇಲೆ ತಲೆ ಸಿಡಿಯುತ್ತಿದೆ ಅಂದ. ವಾಂತಿ ಮಾಡಿದ. ನಿದ್ದೆ ಬರುತ್ತಿದೆ, ಮಲಗುತ್ತೇನೆ ಅಂದ. "ದಣಿದಾನ, ಮಲಗಲಿ ಬಿಡ್ರಿ" ಅಂತ ದೀಪ ಆರಿಸಿದರು.

ಅವನನ್ನು ಉಳಿಸಿದ್ದು ಓಣಿಯ ಆಶಾ ಕಾರ್ಯಕರ್ತೆ. ಸುದ್ದಿ ಕೇಳಿ ಮಾತಾಡಿಸಲು ಬಂದವರು, ಅವನ ಗೊರಕೆ ಕೇಳಿ ಎಬ್ಬಿಸಿ ನೋಡಿದರು. ಎಚ್ಚರ ಆಗಲಿಲ್ಲ. ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿದರು. ಗಂಗಾವತಿಯಲ್ಲಿ ಸ್ಕ್ಯಾನ್ ಆಯಿತು. ಅಲ್ಲಿಂದ ಕಂಪ್ಲಿ ಮೇಲೆ ಬಳ್ಳಾರಿಗೆ ಕಳಿಸಿದರು. ರಾತ್ರಿ ಎರಡು ಗಂಟೆಗೆ ಆಪರೇಷನ್.

ಡಾಕ್ಟರ್ ನಮಗೆ ಹೇಳಿದ್ದು ಹೀಗೆ. ಕಿವಿಯ ಮೇಲಿನ, ಕಪಾಲದ ಬದಿಯ ಮೂಳೆ ತಲೆಬುರುಡೆಯಲ್ಲೇ ತೆಳ್ಳಗಿನದು. ಅದರ ಒಳಮೈಗೆ ಅಂಟಿಕೊಂಡ ಹಾಗೆ ಒಂದು ರಕ್ತನಾಳ ಹೋಗುತ್ತದೆ. ಮೂಳೆ ಬಿರುಕು ಬಿಟ್ಟಾಗ ಆ ನಾಳವೂ ಹರಿಯಿತು. ಮೂಳೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತಾ ಹೋಯಿತು. ತುಂಬುವ ತನಕ ಮನುಷ್ಯ ಚೆನ್ನಾಗೇ ಮಾತಾಡುತ್ತಾನೆ. ತುಂಬಿ ಮೆದುಳನ್ನು ಒತ್ತಿದಾಗ ತಲೆನೋವು, ವಾಂತಿ, ಮಂಪರು ಶುರುವಾಗುತ್ತದೆ. ತಲೆಗೆ ಪೆಟ್ಟು ಬಿದ್ದವರು ಎದ್ದು ಮಾತಾಡಿದರು ಅಂತ ಬಿಡಬೇಡಿ. ವಾಂತಿ ಆದರೆ, ನಿದ್ದೆ ಎಳೆಯುತ್ತಿದ್ದರೆ ಮಲಗಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಹೆಲ್ಮೆಟ್‌ನ ಒಂದು ವಾರ

ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ದಿನ ನಾವು ಮೂವರೂ ಕೂತು ಅಪಘಾತಕ್ಕೆ ಮುಂಚಿನ ವಾರವನ್ನು ನೆನಪು ಮಾಡಿಕೊಂಡೆವು. ಬೈಕ್ ಎಷ್ಟು ಸಲ ಹೊರಟಿತು, ಹೆಲ್ಮೆಟ್ ಎಲ್ಲಿತ್ತು ಅಂತ. ಬೈಯುವುದಕ್ಕಲ್ಲ, ತಿಳಿಯುವುದಕ್ಕೆ. ಅವನಿಗೆ ನೆನಪಾಗದ್ದನ್ನು ಹೆಂಡತಿ ಹೇಳಿದಳು.

ಆ ವಾರ ಬೈಕ್ ಸುಮಾರು ಮೂವತ್ತು ಸಲ ಮನೆಯಿಂದ ಹೊರಟಿತ್ತು. ಮಿಲ್ಲಿಗೆ, ಹಾಲಿಗೆ, ಮಗಳನ್ನು ಶಾಲೆಗೆ ಬಿಡಲು, ಗದ್ದೆಗೆ, ದೇವಸ್ಥಾನಕ್ಕೆ. ಹೆಲ್ಮೆಟ್ ಮನೆಯಿಂದ ಹೊರಬಿದ್ದದ್ದು ಎರಡು ಸಲ. ಎರಡೂ ಸಲ ಗಂಗಾವತಿ ಪೇಟೆಗೆ. ಅದರಲ್ಲೂ ಊರಿನಿಂದ ತಲೆಗೆ ಹಾಕಿಕೊಂಡು ಹೊರಟಿರಲಿಲ್ಲ. ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟುಕೊಂಡು ಹೋಗಿ, ಪೇಟೆ ಹತ್ತಿರ ಬಂದಾಗ ನಿಲ್ಲಿಸಿ ಹಾಕಿಕೊಂಡಿದ್ದ. ಸರ್ಕಲ್ಲಿನಲ್ಲಿ ಪೊಲೀಸರು ನಿಂತಿರುತ್ತಾರೆ, ಅದಕ್ಕೆ. ವಾಪಸ್ ಬರುವಾಗ ಪೇಟೆ ದಾಟಿದ ಕೂಡಲೇ ತೆಗೆದಿದ್ದ.

ಇದನ್ನು ಹೇಳುವಾಗ ಅವನೇ ಒಂದು ಮಾತು ಅಂದ: "ಅಕ್ಕಾ, ಅದು ನನಗ ಆರ್‌ಸಿ, ಇನ್ಶೂರೆನ್ಸ್ ಇದ್ದಂಗ ಇತ್ತು. ಕೇಳಿದ್ರ ತೋರ್ಸೋದು."

ನನಗೆ ಇಡೀ ಪ್ರಕರಣ ಈ ಮಾತಿನಲ್ಲಿದೆ ಅನ್ನಿಸಿತು. ಹೆಲ್ಮೆಟ್ ತಲೆಯ ಸಾಮಾನಾಗಿ ಅವನ ಮನೆಗೆ ಬರಲೇ ಇಲ್ಲ. ದಂಡದ ಭಯದ ಸಾಮಾನಾಗಿ ಬಂತು. ಕಾಯ್ದೆ ಇರುವುದು ನಿಜ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಓಡಿಸುವವರಿಗೂ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. 2019ರ ತಿದ್ದುಪಡಿಯಲ್ಲಿ ದಂಡ 1000 ರೂಪಾಯಿ ಆಯಿತು, ಮೂರು ತಿಂಗಳು ಲೈಸೆನ್ಸ್ ಅಮಾನತೂ ಸೇರಿತು. ಅದೇ ವರ್ಷ ನಮ್ಮ ರಾಜ್ಯ ದಂಡವನ್ನು 500 ರೂಪಾಯಿಗೆ ಇಳಿಸಿತು. ಆದರೆ ಕಾಯ್ದೆಯನ್ನು ಜನ ನೋಡುವುದು ಪೊಲೀಸರು ನಿಂತ ಸರ್ಕಲ್ಲಿನಲ್ಲಿ ಮಾತ್ರ. ಕಾಲುವೆ ದಾರಿಯಲ್ಲಿ ಪೊಲೀಸರು ಯಾಕೆ ನಿಲ್ಲುತ್ತಾರೆ? ಭತ್ತದ ಕಲ್ಲು, ಲೈಟಿಲ್ಲದ ಟ್ರೇಲರ್, ಅಡ್ಡ ಬರುವ ಎಮ್ಮೆ, ಇವೆಲ್ಲ ಇರುವುದು ಮಾತ್ರ ಅಲ್ಲೇ. ಪೊಲೀಸರನ್ನು ನಾನು ದೂರುವುದಿಲ್ಲ. ಅವರು ಇರುವ ಕಡೆ ಹಾಕಿಸುತ್ತಿದ್ದಾರೆ. ಇಲ್ಲದ ಕಡೆ ನಮಗೆ ನಾವೇ ಹೇಳಿಕೊಳ್ಳಬೇಕಿತ್ತು.

ಮನೆಯವರೂ ಹಾಗೇ. ಅವನು ಹೊಸಪೇಟೆಗೋ ಸಿಂಧನೂರಿಗೋ ಹೊರಟರೆ ಹೆಂಡತಿ ಹೆಲ್ಮೆಟ್ ಕೈಗೆ ಕೊಡುತ್ತಿದ್ದಳು. ಔಷಧಿ ಅಂಗಡಿಗೆ ಹೊರಟವನಿಗೆ ಯಾರೂ ಕೊಡುವುದಿಲ್ಲ. ದೂರ ಹೋದರೆ ಅಪಾಯ, ಹತ್ತಿರ ಹೋದರೆ ಇಲ್ಲ ಅಂತ ನಮ್ಮ ಮನಸ್ಸಿನಲ್ಲಿ ಒಂದು ಗೆರೆ ಇದೆ. ಮೂವತ್ತು ಸಲದಲ್ಲಿ ಇಪ್ಪತ್ತೆಂಟು ಸಲ ಹತ್ತಿರಕ್ಕೇ ಹೋಗುವವನು ಎಲ್ಲಿ ಬೀಳುತ್ತಾನೆ?

ಬಿಸಿಲು ಮತ್ತು ಉಳಿದ ಕಾರಣಗಳು

ಯಾಕೆ ಹಾಕುತ್ತಿರಲಿಲ್ಲ ಅಂತ ಕೇಳಿದಾಗ ಅವನು ಮೊದಲು ಹೇಳಿದ್ದು ಬಿಸಿಲು. ಇದನ್ನು ನೆಪ ಅಂತ ತಳ್ಳಿಹಾಕುವವರು ನಮ್ಮ ಕಡೆ ಒಂದು ಬೇಸಿಗೆ ಕಳೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಹೆಲ್ಮೆಟ್ ಒಳಗೆ ಬೆವರು ಹಣೆಯಿಂದ ಕಣ್ಣಿಗೆ ಇಳಿಯುತ್ತದೆ, ಉರಿಯುತ್ತದೆ. ಒಳಗಿನ ಬಟ್ಟೆ ವಾಸನೆ ಹೊಡೆಯುತ್ತದೆ. ತಲೆ ತುರಿಸುತ್ತದೆ, ಕೂದಲು ಉದುರುತ್ತದೆ ಅಂತ ಹುಡುಗರು ಹೆದರುತ್ತಾರೆ. ಇದೆಲ್ಲ ಅನುಭವದ ಮಾತು.

ಆದರೆ ಅವನು ಬಿದ್ದದ್ದು ನವೆಂಬರಿನಲ್ಲಿ, ಸೂರ್ಯ ಮುಳುಗಿದ ಮೇಲೆ. ತಣ್ಣನೆ ಗಾಳಿ ಬೀಸುತ್ತಿತ್ತು. ಹಾಗಾದರೆ ಬಿಸಿಲು ಹೇಗೆ ಕಾರಣ? ಲೆಕ್ಕ ಹಾಕಿದಾಗ ಹೊಳೆಯಿತು. ಹೆಲ್ಮೆಟ್ ಕೊಂಡ ಹೊಸದರಲ್ಲಿ ಮೂರು ನಾಲ್ಕು ತಿಂಗಳು ಮಿಲ್ಲಿಗೂ ಹಾಕಿಕೊಂಡೇ ಹೋಗುತ್ತಿದ್ದನಂತೆ. ಮಾರ್ಚ್ ಬಂತು, ಸೆಖೆ ಅಂತ ಗೂಟಕ್ಕೆ ಹಾಕಿದ. ಮಳೆಗಾಲ ಬಂದಾಗ ಅದು ಇಳಿಯಲಿಲ್ಲ. ಚಳಿಗಾಲದಲ್ಲೂ ಇಳಿಯಲಿಲ್ಲ. ಬಿಸಿಲು ಎರಡು ಮೂರು ತಿಂಗಳ ಕಾರಣ, ಅದು ಬಿಡಿಸಿದ ರೂಢಿ ಮಾತ್ರ ವರ್ಷಪೂರ್ತಿ. ಬೇಸಿಗೆಯಲ್ಲಿ ತಲೆಗೆ ತೆಳ್ಳನೆ ಹತ್ತಿ ಬಟ್ಟೆ ಕಟ್ಟಿ ಮೇಲೆ ಹೆಲ್ಮೆಟ್ ಹಾಕುವವರು, ಒಳಗಿನ ಬಟ್ಟೆ ಬಿಚ್ಚಿ ಬರುವ ಹೆಲ್ಮೆಟ್ ಕೊಂಡು ವಾರಕ್ಕೊಮ್ಮೆ ತೊಳೆಯುವವರು ನಮ್ಮಲ್ಲೂ ಇದ್ದಾರೆ. ಅದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ನಾನೂ ಹೇಳಲಿಲ್ಲ.

ಕಿವಿ ಸರಿಯಾಗಿ ಕೇಳಿಸುವುದಿಲ್ಲ ಅಂತಲೂ ಅಂದ. ನಾನು ಹಾಕಿಕೊಂಡು ನೋಡಿದ್ದೇನೆ. ಹಾರ್ನ್ ಕೇಳಿಸುತ್ತದೆ. ಗಾಳಿಯ ಸದ್ದು ಕಮ್ಮಿ ಆಗುತ್ತದೆ, ಆ ಬದಲಾವಣೆಗೆ ಒಂದು ವಾರ ಬೇಕು.

ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ ಇನ್ನೊಂದಿದೆ: ಇಳಿದ ಮೇಲೆ ಅದನ್ನು ಎಲ್ಲಿ ಇಡುವುದು? ಸ್ಕೂಟರಿನ ಸೀಟಿನ ಕೆಳಗೆ ಹೇಗೋ ಹಿಡಿಸುತ್ತದೆ. ಬೈಕಿಗೆ ಜಾಗ ಇಲ್ಲ. ಕನ್ನಡಿಗೆ ಸಿಕ್ಕಿಸಿ ಸಂತೆಯೊಳಗೆ ಹೋದರೆ ವಾಪಸ್ ಬಂದಾಗ ಇರುವುದಿಲ್ಲ. ಅವನ ಮೊದಲ ಹೆಲ್ಮೆಟ್ ಹೋದದ್ದೇ ಹಾಗೆ. ಒಂದು ಕೈಯಲ್ಲಿ ಕಾಯಿಪಲ್ಲೆ ಚೀಲ, ಇನ್ನೊಂದು ಕೈಯಲ್ಲಿ ಮಗಳು, ಹೆಲ್ಮೆಟ್ ಎಲ್ಲಿ ಹಿಡಿಯಬೇಕು? ಮದುವೆ ಮನೆಗೆ ಹೋದರೆ ಊಟಕ್ಕೆ ಕೂತಾಗ ತೊಡೆ ಮೇಲೆ ಇಟ್ಟುಕೊಳ್ಳಬೇಕಾ? ಸಣ್ಣ ಮಾತು ಅನ್ನಿಸಬಹುದು. ದಿನಕ್ಕೆ ನಾಲ್ಕು ಸಲ ಎದುರಾದರೆ ಸಣ್ಣದಲ್ಲ. ನೂರು ಇನ್ನೂರು ರೂಪಾಯಿಗೆ ಒಂದು ಕೊಕ್ಕೆ, ಲಾಕ್ ಹಾಕಿಸಿದ್ದರೆ ಇದು ಮುಗಿಯುತ್ತಿತ್ತು.

ಹಿಂದೆ ಕೂರುವ ನಮ್ಮ ಕಥೆ ಬೇರೆ. ತುರುಬು, ಮಲ್ಲಿಗೆ ಹೂವು, ತಲೆ ಮೇಲಿನ ಸೆರಗು. ಒಂದೇ ಕಡೆಗೆ ಕಾಲು ಹಾಕಿ ಕೂರುವುದು ಬೇರೆ. ಹೆಲ್ಮೆಟ್ ಹಾಕಿದ ಹೆಂಗಸರನ್ನು ಊರಲ್ಲಿ ಜನ ತಿರುಗಿ ನೋಡುತ್ತಾರೆ, ಆ ನೋಟಕ್ಕೆ ನಾಚಿಕೆ. ಅಟ್ಟದ ಮೇಲಿದ್ದ ಹೆಲ್ಮೆಟ್ ತಮ್ಮನ ಹೆಂಡತಿಯದು. ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿದ್ದಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಹಿಂದೆ ಕೂತವರು. ಈ ಅಂಕಿ ಓದಿದ ದಿನ ನಾನು ನನ್ನದೊಂದು ಹೆಲ್ಮೆಟ್ ಕೊಂಡೆ. ತಲೆಗೆ ಹಾಕಿಕೊಂಡು ಮೊದಲ ದಿನ ಶಾಲೆಗೆ ಹೋದಾಗ ಮಕ್ಕಳು ನೋಡಿದರು. ಮೂರನೇ ದಿನ ಯಾರೂ ನೋಡಲಿಲ್ಲ.

ಒಂದೂವರೆ ಮೀಟರಿನ ಲೆಕ್ಕ

"ಸ್ಪೀಡೇ ಇರಲಿಲ್ಲ ಅಕ್ಕಾ, ಮೂವತ್ತರಾಗ ಇದ್ದೆ. ಇಷ್ಟಕ್ಕ ತಲಿ ಒಡಿತೈತಾ?" ಅಂತ ಅವನು ನನ್ನನ್ನು ಕೇಳಿದ. ಮನೆಯಲ್ಲಿ ಎಲ್ಲರಿಗೂ ಇದೇ ಆಶ್ಚರ್ಯ. ಹತ್ತನೇ ತರಗತಿಗೆ ವಿಜ್ಞಾನ ಹೇಳುವವಳು ನಾನು, ಅವನಿಗೆ ಲೆಕ್ಕ ಮಾಡಿ ತೋರಿಸಿದೆ. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಿದೆ ಅಂತಲೇ ಇಟ್ಟುಕೊಳ್ಳಿ. ಆ ಎತ್ತರದಿಂದ ತಲೆ ನೇರ ಕೆಳಗೆ ಬಂದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಗಾಡಿಯ ವೇಗ ಅದರ ಮೇಲೆ ಬೇರೆ. ಡಾಂಬರು ತಗ್ಗುವುದಿಲ್ಲ, ಮೂಳೆ ತಗ್ಗುವುದಿಲ್ಲ. ಅಷ್ಟು ವೇಗ ಕಣ್ಣು ಮಿಟುಕಿಸುವುದರೊಳಗೆ ಸೊನ್ನೆ ಆಗಬೇಕು. ಆ ಏಟನ್ನೆಲ್ಲ ಮೂಳೆಯೇ ತಿನ್ನುತ್ತದೆ.

ಆಮೇಲೆ ಗೂಟದ ಹೆಲ್ಮೆಟ್ ತಂದು ಒಳಗಿನ ಬಟ್ಟೆ ಸರಿಸಿ ತೋರಿಸಿದೆ. ಮೇಲಿನ ಗಟ್ಟಿ ಚಿಪ್ಪಿನ ಕೆಳಗೆ ಒಂದು ದಪ್ಪ ಥರ್ಮೋಕೋಲ್ ಪದರ ಇರುತ್ತದೆ. ಕೆಲಸ ಮಾಡುವುದು ಮುಖ್ಯವಾಗಿ ಅದೇ. ಪೆಟ್ಟು ಬಿದ್ದಾಗ ಅದು ನುಜ್ಜಾಗುತ್ತದೆ. ನುಜ್ಜಾಗಲು ತಗೊಳ್ಳುವ ಆ ಒಂದು ಚೂರು ಹೊತ್ತು, ಆ ಒಂದೆರಡು ಸೆಂಟಿಮೀಟರ್ ಜಾಗ, ತಲೆ ನಿಧಾನವಾಗಿ ನಿಲ್ಲಲು ಸಿಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು ಶೇಕಡಾ 42, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇಕಡಾ 69 ಕಡಿಮೆ ಆಗುತ್ತದೆ ಅಂತ ಕಂಡಿದೆ. ಒಮ್ಮೆ ನುಜ್ಜಾದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ರಸ್ತೆ ಬದಿ ಮಾರುವ ಟೋಪಿಯಂಥ ಹೆಲ್ಮೆಟ್ಟುಗಳಲ್ಲಿ ಈ ಪದರ ಸರಿಯಾಗಿ ಇರುವುದೇ ಇಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ, ಆದರೂ ಸಿಗುತ್ತವೆ. ಅವು ಕಿವಿಯ ಮೇಲಿನ ಭಾಗವನ್ನು ಮುಚ್ಚುವುದೂ ಇಲ್ಲ. ನನ್ನ ತಮ್ಮನಿಗೆ ಪೆಟ್ಟು ಬಿದ್ದದ್ದು ಅಲ್ಲೇ.

ಅವನು ಥರ್ಮೋಕೋಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ತುಂಬಾ ಹೊತ್ತು ಒತ್ತುತ್ತಲೇ ಇದ್ದ.

ಆಮೇಲೆ

ಹತ್ತೊಂಬತ್ತು ದಿನ ಆಸ್ಪತ್ರೆ. ಖರ್ಚು ನಾಲ್ಕು ಲಕ್ಷ ದಾಟಿತು. ಹೆಂಡತಿಯ ಬೋರಮಾಳ ಹೋಯಿತು, ಗದ್ದೆಯನ್ನು ಲೀಸಿಗೆ ಹಾಕಿದರು. ಜೀವ ಉಳಿಯಿತು, ಕೈಕಾಲು ಸರಿ ಇವೆ. ನೋಡಿದವರು ಪೂರ್ತಿ ಗುಣ ಆಗಿದ್ದಾನೆ ಅನ್ನುತ್ತಾರೆ.

ಪೂರ್ತಿ ಆಗಿಲ್ಲ. ಫಿಟ್ಸ್ ಬಾರದ ಹಾಗೆ ದಿನಾ ಗುಳಿಗೆ. ಸಣ್ಣದಕ್ಕೆ ಸಿಟ್ಟು ಬರುತ್ತದೆ, ಮಗಳು ಸ್ವಲ್ಪ ಹೆದರುತ್ತಾಳೆ. ಏಳು ತಿಂಗಳ ಮೇಲೆ ಮಿಲ್ಲಿಗೆ ಹೋದ. ಕೂಡುವ ಲೆಕ್ಕ ನಡುವೆ ಕೈ ತಪ್ಪುತ್ತಿತ್ತು. ಮಾಲೀಕರು ಒಳ್ಳೆಯವರು, ಬಿಡಿಸಲಿಲ್ಲ. ಈಗ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆಯುತ್ತಾನೆ, ಸಂಬಳ ಕಡಿಮೆ. ಮತ್ತೆ, ಅವನಿಗೆ ವಾಸನೆ ಗೊತ್ತಾಗುವುದಿಲ್ಲ. ತಲೆಗೆ ಪೆಟ್ಟು ಬಿದ್ದಾಗ ಮೂಗಿನ ಮೇಲ್ಭಾಗದಿಂದ ಮೆದುಳಿಗೆ ಹೋಗುವ ಸಣ್ಣ ನರದೆಳೆಗಳು ಹರಿದು ಹೀಗಾಗುತ್ತದಂತೆ. ಮೊದಲು ಸೋನಾ ಮಸೂರಿ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಮೂಸಿ, ಹೊಸದೋ ಹಳೇದೋ ಹೇಳುತ್ತಿದ್ದ. ಈಗ ಅನ್ನ ಸೀದರೂ ತಿಳಿಯುವುದಿಲ್ಲ. ಒಮ್ಮೊಮ್ಮೆ ಅಭ್ಯಾಸಬಲದಿಂದ ಅಕ್ಕಿ ಹಿಡಿದು ಮೂಗಿನ ಹತ್ತಿರ ತರುತ್ತಾನೆ. ಆಮೇಲೆ ಚೀಲಕ್ಕೆ ಸುರಿಯುತ್ತಾನೆ.

ಡಾಕ್ಟರ್ ಗಾಡಿ ಓಡಿಸಬೇಡ ಅಂದಿದ್ದಾರೆ. ಬೈಕ್ ಮಾರಿ ಸ್ಕೂಟರ್ ತಗೊಂಡರು, ಹೆಂಡತಿ ಓಡಿಸುತ್ತಾಳೆ. ಅಟ್ಟದ ಹೆಲ್ಮೆಟ್ ಕೆಳಗಿಳಿದಿದೆ. ಮಗಳಿಗೂ ಒಂದು ಸಣ್ಣದು ತಂದಿದ್ದಾರೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಡ್ಡಾಯ ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೂಟವನ್ನು ಹೆಂಡತಿ ಕಿತ್ತುಹಾಕಿದ್ದಾಳೆ. ಸ್ಕೂಟರಿನ ಕೀಯನ್ನು ಈಗ ಹೆಲ್ಮೆಟ್ ಒಳಗೇ ಇಡುತ್ತಾಳೆ. ಹೆಲ್ಮೆಟ್ ಕೈಗೆ ತಗೊಳ್ಳದೆ ಕೀ ಸಿಗುವುದಿಲ್ಲ. ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರೂ ಇಲ್ಲ ಅಕ್ಕಾರ. ಅವತ್ತು ಕೀ ಗೋಡೆ ಮೇಲಿತ್ತು, ಇದು ಬಾಗಿಲ ಹಿಂದಿತ್ತು. ಎರಡೂ ಒಂದೇ ಕಡೆ ಇದ್ದಿದ್ರ ಅಂತ ಅನ್ನಿಸ್ತು" ಅಂದಳು.

ಹೋದ ಭಾನುವಾರ ನಾನು ಅಲ್ಲೇ ಇದ್ದೆ. ಪಕ್ಕದ ಮನೆ ಹುಡುಗ ಬಂದ. "ಅಕ್ಕಾರ, ಸ್ಕೂಟರ್ ಕೊಡ್ರಿ, ಇಲ್ಲೇ ಹೋಗಿ ಬರ್ತೀನಿ." ಅವಳು ಹೆಲ್ಮೆಟ್ ಮುಂದೆ ಹಿಡಿದಳು. ಅವನು ಒಳಗಿನ ಕೀ ಎತ್ತಿಕೊಂಡು ಹೆಲ್ಮೆಟ್ಟನ್ನು ಕಟ್ಟೆ ಮೇಲೆ ಇಟ್ಟ. ಕುರ್ಚಿಯಲ್ಲಿ ಕೂತಿದ್ದ ನನ್ನ ತಮ್ಮ, ಈಗ ಜಾಸ್ತಿ ಮಾತಾಡದವನು, "ಅದನ್ನೂ ತಗೋ" ಅಂದ. ಹುಡುಗ ತಿರುಗಿ ನೋಡಿದ. ಕಿವಿ ಮೇಲೆ ಕೂದಲು ಬೆಳೆಯದ ಆ ಗೆರೆ ಕಂಡಿರಬೇಕು. ಹೆಲ್ಮೆಟ್ ಹಾಕಿಕೊಂಡ. ಗದ್ದದ ಬೆಲ್ಟ್ ಮಾತ್ರ ಹಾಗೇ ಜೋತಾಡುತ್ತಿತ್ತು. ಬಿದ್ದ ಏಟಿಗೆ ಮೊದಲು ಹಾರಿಹೋಗುವುದೇ ಬೆಲ್ಟ್ ಹಾಕದ ಹೆಲ್ಮೆಟ್. ತಮ್ಮನ ಹೆಂಡತಿ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಲ್ಲಿಸಿ, ಅದನ್ನೂ ಹಾಕಿಸಿ ಕಳಿಸಿದಳು.